ಮೂರನೇ ನಂಬರಿನಲ್ಲಿ ಏಳುವ ಸದ್ದು

ಬ್ಲೋವರಿನ ತಿರುಪನ್ನು ಒಂದಕ್ಕೆ ಇಟ್ಟರೆ ಏನೂ ಇಲ್ಲ. ಎರಡಕ್ಕೆ ಬಂದರೆ ಡ್ಯಾಶ್‌ಬೋರ್ಡಿನ ಎಡಗಡೆ ಸಣ್ಣಗೆ ಗುಂಯ್ ಅನ್ನುತ್ತದೆ. ಮೂರಕ್ಕೆ ಹೋದರೆ ಪಕ್ಕದ ಸೀಟಿನಲ್ಲಿ ಕೂತವರ ಪಾದಕ್ಕೇ ಅದುರು ತಗಲುತ್ತದೆ. ಹಂಪಸಾಗರದಲ್ಲಿ ನಮ್ಮಣ್ಣನ ಎಲೆಕ್ಟ್ರಿಕ್ ಕಾರಿಗೆ ಶೇಂಗಾ ಸುಗ್ಗಿ ಮುಗಿದ ಮೇಲೆ ಹತ್ತಿದ ರೋಗ ಇದು.

ಡೀಸೆಲ್ ಗಾಡಿಯಾಗಿದ್ದರೆ ಈ ಸದ್ದನ್ನು ಯಾರೂ ವಿಚಾರಿಸುತ್ತಿರಲಿಲ್ಲ, ಎಂಜಿನ್ನಿನ ಗದ್ದಲ ನುಂಗಿಬಿಡುತ್ತಿತ್ತು. 2001ರಲ್ಲಿ ಬೆಂಗಳೂರಿನ ರೇವಾ ರಸ್ತೆಗಿಳಿದಾಗಲೇ ನಮ್ಮ ರಾಜ್ಯ ಸದ್ದಿಲ್ಲದ ಕಾರನ್ನು ಕಂಡಿತ್ತು. ಅಂಥ ಗಾಡಿ ನಿಂತಿದ್ದಾಗ ಒಳಗೆ ಕೇಳಿಸುವುದು ಹೆಚ್ಚಾಗಿ ಫ್ಯಾನು ಮಾತ್ರ. ಅದರ ಸಣ್ಣ ಕಾಯಿಲೆಯೂ ದೊಡ್ಡದಾಗಿಯೇ ಕೇಳುತ್ತದೆ.

ಫೋನಿನಲ್ಲಿ ವಿಚಾರಿಸಿದಾಗ, ಮೋಟರ್ ಸಮೇತ ಇಡೀ ಬ್ಲೋವರ್ ಬದಲಿಸಬೇಕು ಎಂಬ ಉತ್ತರ ಬಂತು. ಅಣ್ಣ ಒಪ್ಪಲಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ಪಂಪ್‌ಸೆಟ್ ಮೋಟರ್ ವೈಂಡಿಂಗ್ ಮಾಡುವ ಹುಡುಗನನ್ನು ಕರೆಸಿದ. ಕಾರು ಅವನ ಕಸುಬಲ್ಲ. ಆದರೆ ಮೋಟರಿನ ಸದ್ದು ಅವನಷ್ಟು ಕೇಳಿದವರು ನಮ್ಮ ಸೀಮೆಯಲ್ಲಿ ಕಡಿಮೆ.

ಅವನು ಮೊದಲು ಕಾರನ್ನು ನಿಂತಲ್ಲೇ ಆನ್ ಮಾಡಿಸಿದ. ಸದ್ದು ಇತ್ತು, ಅಂದರೆ ಚಕ್ರದ್ದಲ್ಲ, ಗಾಡಿ ಓಡಿಸುವ ಮೋಟರಿನದೂ ಅಲ್ಲ. ಎಸಿ ಬಂದ್ ಮಾಡಿ ಬರೀ ಗಾಳಿ ಬಿಡಿಸಿದ. ಸದ್ದು ಹೋಗಲಿಲ್ಲ, ಹಾಗಾಗಿ ಕಂಪ್ರೆಸರನ್ನೂ ಬಿಟ್ಟ. ಆಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗ್ಲೋವ್ ಬಾಕ್ಸಿನ ಅಡಿಯ ಪ್ಲಾಸ್ಟಿಕ್ಕಿಗೆ ಆನಿಸಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡ.

"ಬುಷ್ ಹೋಗಿದ್ರೆ ಕೀ ಅಂತೈತ್ರಿ ಸರ, ಇದು ಗುದ್ತೈತಿ. ತೂಕ ಒಂದ್ ಕಡೀಗೆ ವಾಲೈತಿ."

ನೋಡದೆಯೇ ಹೇಳಿದ ಈ ಮಾತೇ ಇಡೀ ಪತ್ತೆಯ ತಿರುವು. ಬುಷ್ ಸವೆದಿದ್ದರೆ, ಎಣ್ಣೆ ಆರಿದ್ದರೆ ನಿಧಾನವಾಗಿ ತಿರುಗುವಾಗಲೂ ಕಿರುಗುಟ್ಟುವುದುಂಟು. ಎಲೆ ಸಿಕ್ಕಿದ್ದರೆ ಟಿಕ್ ಟಿಕ್ ಎಂದು ಎಣಿಸುವಂತೆ ಬಡಿಯುತ್ತದೆ. ವೇಗ ಏರಿದಂತೆ ಮಾತ್ರ ಅದುರು ಜೋರಾಗುವುದು ತೂಕದ ಸಮತೋಲ ತಪ್ಪಿದಾಗ.

"ಇದಕ್ಕೆ ಎಷ್ಟ್ ವೋಲ್ಟು?" ಎಂದು ಕೇಳಿಯೇ ಅವನು ಕೈ ಹಾಕಿದ್ದು. ಗಾಡಿ ಎಳೆಯುವ ಬ್ಯಾಟರಿಯ ಕಿತ್ತಳೆ ಬಣ್ಣದ ಕೇಬಲ್ಲುಗಳಲ್ಲಿ ಜೀವ ತೆಗೆಯುವಷ್ಟು ಕರೆಂಟಿರುತ್ತದೆ, ಅವನ್ನು ಮುಟ್ಟಲೇಬಾರದು. ಈ ಬ್ಲೋವರ್ ಮಾತ್ರ ಮಾಮೂಲಿ 12 ವೋಲ್ಟಿನದು. ಗಾಡಿ ಆಫ್ ಮಾಡಿ, ಸಣ್ಣ ಬ್ಯಾಟರಿಯ ಟರ್ಮಿನಲ್ ಕಳಚಿದ ಮೇಲೆ ಮೂರು ಸ್ಕ್ರೂ ಬಿಚ್ಚಿದರೆ ಬ್ಲೋವರ್ ಕೆಳಕ್ಕೆ ಇಳಿದು ಬಂತು.

ಕೈಗೆ ಬಂದದ್ದು ಸೀಲಿಂಗ್ ಫ್ಯಾನಿನಂಥ ರೆಕ್ಕೆಯಲ್ಲ. ದುಂಡನೆಯ ಡಬ್ಬಿಯ ಅಂಚಿನುದ್ದಕ್ಕೂ ಒತ್ತೊತ್ತಾಗಿ ನಿಂತ, ಮುಂದಕ್ಕೆ ಬಾಗಿದ ತೆಳು ಪಟ್ಟಿಗಳು. ಈ ರಚನೆಯ ಹಿಂದೆ ಒಬ್ಬ ಚಹಾ ತೋಟದವನಿದ್ದಾನೆ ಎಂಬುದು ನನಗೆ ಬಹಳ ಇಷ್ಟದ ಸಂಗತಿ. ಸ್ಯಾಮ್ಯುಯೆಲ್ ಡೇವಿಡ್ಸನ್ ಎಂಬ ಐರ್ಲೆಂಡಿನ ತರುಣ 1864ರಲ್ಲಿ ಅಸ್ಸಾಮಿನ ಕಾಚಾರಿಗೆ ಬಂದ. ಚಹಾ ಎಲೆಯನ್ನು ಬಿಸಿಗಾಳಿಯಲ್ಲಿ ಒಣಗಿಸುವ ಯಂತ್ರಗಳ ಹಿಂದೆ ಬಿದ್ದ. 1881ರಲ್ಲಿ ಬೆಲ್ಫಾಸ್ಟಿನಲ್ಲಿ ಕಾರ್ಖಾನೆ ತೆರೆದ, 1898ರಲ್ಲಿ ಮುಂದಕ್ಕೆ ಬಾಗಿದ ಪಟ್ಟಿಗಳ ಫ್ಯಾನಿಗೆ ಪೇಟೆಂಟ್ ಪಡೆದ. ಚಿಕ್ಕ ಜಾಗದಲ್ಲಿ, ಕಡಿಮೆ ವೇಗದಲ್ಲೇ ಹೆಚ್ಚು ಗಾಳಿ ತಳ್ಳುವುದು ಅದರ ಗುಣ. ಕಾರಿನ ಇಕ್ಕಟ್ಟಿಗೆ ಅದು ಒಗ್ಗಿದ್ದು ಅದಕ್ಕೇ.

ನಮ್ಮ ಚಕ್ರದಲ್ಲಿ ಎರಡು ಪಟ್ಟಿಗಳ ನಡುವೆ ಶೇಂಗಾ ಸಿಪ್ಪೆಯೊಂದು ಬಿಗಿಯಾಗಿ ಕೂತಿತ್ತು, ಸುತ್ತ ಧೂಳು ಹೆಪ್ಪುಗಟ್ಟಿತ್ತು. ಎಲ್ಲ ಸೇರಿ ಒಂದು ಗ್ರಾಮು ಇದ್ದೀತು. ಲೆಕ್ಕ ಹಾಕಿ ನೋಡಿ: ನಡುವಿನಿಂದ 7 ಸೆಂಟಿಮೀಟರ್ ದೂರದಲ್ಲಿ ಕೂತ ಒಂದು ಗ್ರಾಮು, ಚಕ್ರ ನಿಮಿಷಕ್ಕೆ 3,000 ಸುತ್ತು ತಿರುಗುವಾಗ, ಸುಮಾರು 700 ಗ್ರಾಂ ತೂಕದಷ್ಟು ಜೋರಿನಿಂದ ಹೊರಕ್ಕೆ ಜಗ್ಗುತ್ತದೆ. ಆ ಜಗ್ಗಾಟ ಸೆಕೆಂಡಿಗೆ 50 ಸಲ ದಿಕ್ಕು ಸುತ್ತುತ್ತದೆ. ವೇಗ ಅರ್ಧಕ್ಕಿಳಿದರೆ ಜೋರು ನಾಲ್ಕರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಒಂದನೇ ನಂಬರಿನ ಮೌನಕ್ಕೂ ಮೂರನೆಯದರ ಅದುರಿಗೂ ಕಾರಣ ಇದೇ.

ಸಿಪ್ಪೆ ಕಿತ್ತ ಅಣ್ಣ, ಇನ್ನೊಂದು ಬದಿಯ ಪಟ್ಟಿಗೆ ಸಿಕ್ಕಿಸಿದ್ದ ಲೋಹದ ಚೂರಿಗೂ ಇಕ್ಕಳ ಒಡ್ಡಿದ.

"ಅಣ್ಣಾರ, ಅದನ್ನ ಮುಟ್ಟಬ್ಯಾಡ್ರಿ! ಅದು ಕಂಪನಿಯೋರು ಇಟ್ಟ ತೂಕ."

ಕಾರ್ಖಾನೆಯಲ್ಲಿ ಚಕ್ರವನ್ನು ತಿರುಗಿಸಿ ನೋಡಿ, ಹಗುರಾದ ಕಡೆಗೆ ಸಿಕ್ಕಿಸುವ ಕ್ಲಿಪ್ ಅದು. ಕಸವೆಂದು ಕಿತ್ತಿದ್ದರೆ ಒಂದು ಅದುರಿನ ಬದಲು ಇನ್ನೊಂದು ಸಿಗುತ್ತಿತ್ತು. ಅವನು ಪಟ್ಟಿಗಳನ್ನು ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ಮೋಟರಿಗೆ ನೇರವಾಗಿ 12 ವೋಲ್ಟು ಕೊಟ್ಟು ಅಂಗೈಯಲ್ಲಿ ಹಿಡಿದು ನೋಡಿದ. ಕೈ ಅದುರಲಿಲ್ಲ.

ಆದರೆ ಸಿಪ್ಪೆ ಒಳಗೆ ಬಂದದ್ದೆಲ್ಲಿಂದ? ಈ ಕಾರಿನಲ್ಲಿ ಗಾಳಿ ಫಿಲ್ಟರ್ ದಾಟಿಯೇ ಬ್ಲೋವರಿಗೆ ಬರಬೇಕು. ಫಿಲ್ಟರ್ ಎಳೆದಾಗ ಮೂಲೆಯಲ್ಲಿ ಇಲಿ ಕಡಿದ ತೂತು, ಮೇಲೆ ಹಿಡಿ ತುಂಬ ಸಿಪ್ಪೆ, ಗೋಣಿಯ ನಾರು. ಕಾರು ನಿಲ್ಲುವುದು ಶೇಂಗಾ ಚೀಲದ ಪಕ್ಕದಲ್ಲಿ. ಉಳಿದ ಭಾಗಕ್ಕೆ ಹಿನ್ನೀರಿನ ದಂಡೆಯ ಮಣ್ಣುರಸ್ತೆಯ ಧೂಳು ಮೆತ್ತಿತ್ತು. ಗಾಳಿ ಸಾಲದೆ ಅಣ್ಣ ತಿಂಗಳುಗಟ್ಟಲೆ ಮೂರನೇ ನಂಬರಿನಲ್ಲೇ ಓಡಿಸಿದ್ದು ಇದಕ್ಕೇ. ಫ್ಯಾನಿನ ವೇಗ ಎರಡು ಪಟ್ಟಾದರೆ ಅದರ ಸದ್ದು ಸುಮಾರು 15 ಡೆಸಿಬಲ್ ಏರುತ್ತದೆ. ಹೊಸ ಫಿಲ್ಟರ್ ಕೂತ ಮೇಲೆ ಎರಡನೇ ನಂಬರಿನಲ್ಲೇ ಕಾರು ತಂಪಾಗುತ್ತಿದೆ.

ಕೊನೆಗೆ ಹುಡುಗ ವೈಪರಿನ ಕೆಳಗೆ ಗಾಳಿ ಒಳಹೋಗುವ ಬಾಯಿಗೆ ತುಕ್ಕು ಹಿಡಿಯದ ಸ್ಟೀಲ್ ಜಾಳಿಗೆ ಕತ್ತರಿಸಿ ಬಿಗಿದ. ಬೆರಳು ತೂರದಿದ್ದರೆ ಸಾಕೆಂದು ಅಣ್ಣ ತಂದಿದ್ದ ದೊಡ್ಡ ಕಣ್ಣಿನ ಜಾಳಿಗೆಯನ್ನು ಅವನು ಒಪ್ಪಲಿಲ್ಲ. ಸುಂಡಿಲಿ 6 ಮಿಲಿಮೀಟರ್ ಸಂದಿಯಲ್ಲೂ ನುಸುಳುತ್ತದೆ, ಕಣ್ಣು ಅದಕ್ಕಿಂತ ಸಣ್ಣದೇ ಇರಬೇಕು. ಶೇಂಗಾ ಚೀಲಗಳನ್ನು ಅತ್ತಿಗೆ ಅಂದೇ ಒಳಮನೆಗೆ ಸಾಗಿಸಿದರು.