ದೀಪವನ್ನು ಆರಿಸುವುದು ಹೇಗೆ?

ನಮ್ಮ ಭಾಷೆಯಲ್ಲಿ ‘ಆರಿಸು’ ಎಂಬ ಪದಕ್ಕೆ ಎರಡು ಅರ್ಥಗಳಿರುವುದನ್ನು ವಾಚಕರು ಬಲ್ಲರು. ಹಲವು ಮನೆಗಳಲ್ಲಿ ಹಿರಿಯರು ದೇವರ ಮುಂದಿನ ದೀಪದ ವಿಷಯದಲ್ಲಿ ಈ ಮಾತನ್ನೇ ಬಾಯಿಗೆ ತಾರರು. ‘ದೀಪ ದೊಡ್ಡದು ಮಾಡು’ ಎನ್ನುವುದು ಅವರ ರೂಢಿ. ಆದರೆ ಇಂದು ಬೆಳ್ಳಂದೂರಿನಲ್ಲಿ ಹೊಸದಾಗಿ ಮನೆಮಾಡುವ ದಂಪತಿಗಳನ್ನು ಕಾಡುತ್ತಿರುವುದು ಆ ಪದದ ಮತ್ತೊಂದು ಅರ್ಥ. ಅಂಗಡಿಯ ತುಂಬ ಜಗಜಗಿಸುವ ನೂರಾರು ದೀಪಗಳಲ್ಲಿ ತಮಗೆ ತಕ್ಕದ್ದು ಯಾವುದು?

ಕೆರೆಯ ನೀರಿನಲ್ಲಿ ಬತ್ತ ಬೆಳೆಯುತ್ತಿದ್ದ ಹಳ್ಳಿ ಇದು. ಹೊರವರ್ತುಲ ರಸ್ತೆ ಬಂದ ಮೇಲೆ ಗದ್ದೆಗಳಿದ್ದೆಡೆ ಕಚೇರಿಗಳೂ ಬಹುಮಹಡಿಯ ವಸತಿಗಳೂ ಎದ್ದುನಿಂತಿವೆ. ಪ್ರತಿಯೊಂದು ವಸತಿಗೂ ಒಂದು ಮುಂಬಾಗಿಲು, ಒಂದು ಸಭಾಭವನ, ಹೂದೋಟದ ಕಾಲುದಾರಿ, ಇವುಗಳೆಲ್ಲಕ್ಕೂ ದೀಪಾಲಂಕಾರ. ಖರ್ಚು ಸಮಸ್ತ ನಿವಾಸಿಗಳ ಹಣ. ಆದುದರಿಂದಲೇ ಸಂಘದ ಸಭೆಗಳಲ್ಲಿ ಈ ವಿಷಯ ಬಂದೊಡನೆ ಮಾತು ಬಿಸಿಯಾಗುತ್ತದೆ. ಒಬ್ಬರಿಗೆ ಮೈಸೂರು ಅರಮನೆಯಂತೆ ಹೊನ್ನಿನ ಬೆಳಕು ಬೇಕು, ಇನ್ನೊಬ್ಬರಿಗೆ ವಿಧಾನಸೌಧದಂತೆ ಬಣ್ಣ ಬದಲಿಸುವ ಬೆಳಕು ಬೇಕು, ಮೂರನೆಯವರಿಗೆ ವಿದ್ಯುತ್ತಿನ ಬಿಲ್ಲು ಕಡಿಮೆಯಾದರೆ ಸಾಕು. ಈ ಮೂವರಲ್ಲಿ ಯಾರನ್ನೂ ನಗೆಯಾಡಿ ಕಳುಹಿಸುವಂತಿಲ್ಲ.

ಅರಮನೆಯ ಲಕ್ಷ ದೀಪ

ಮೊದಲು ಅರಮನೆಯ ಮಾತು. 1897ರಲ್ಲಿ ರಾಜಕುಮಾರಿಯ ವಿವಾಹದ ಸಮಯದಲ್ಲಿ ಮರದ ಹಳೆಯ ಅರಮನೆ ಬೆಂಕಿಗೆ ತುತ್ತಾಯಿತು. ಹೆನ್ರಿ ಇರ್ವಿನ್‌ರ ನಕ್ಷೆಯಂತೆ ಕಟ್ಟಿದ ಇಂದಿನ ಅರಮನೆ 1912ರಲ್ಲಿ ಪೂರ್ಣಗೊಂಡಿತು. ಅಷ್ಟರಲ್ಲಿ ನಮ್ಮ ಸೀಮೆಗೆ ವಿದ್ಯುಚ್ಛಕ್ತಿ ಬಂದಾಗಿತ್ತು. 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದಿತ್ತು, 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದ್ದವು. ಇಂದು ಅರಮನೆಯ ಕಮಾನು, ಗೋಪುರ, ಗುಮ್ಮಟಗಳ ಅಂಚಿನಲ್ಲಿ ಸುಮಾರು ಒಂದು ಲಕ್ಷ ಬಲ್ಬುಗಳಿವೆ. ಭಾನುವಾರ ಹಾಗೂ ಸರಕಾರಿ ರಜಾದಿನಗಳ ಸಂಜೆಗಳಲ್ಲಿ ಸ್ವಲ್ಪ ಹೊತ್ತು, ದಸರೆಯಲ್ಲಿ ದಿನವೂ, ಅವು ಒಮ್ಮೆಗೇ ಬೆಳಗಿದಾಗ ನೆರೆದ ಜನಸ್ತೋಮದಿಂದ ಹೊರಡುವ ಉದ್ಗಾರವನ್ನು ಕೇಳಿದವರು ಮರೆಯಲಾರರು.

ಈ ಸೌಂದರ್ಯದ ಗುಟ್ಟೇನು? ಅಲ್ಲಿ ಗೋಡೆಯನ್ನು ಬೆಳಗಿಸಿಲ್ಲ, ಗೆರೆಯನ್ನು ಬೆಳಗಿಸಿದೆ. ಸಂಕ್ರಾಂತಿಯ ಬೆಳಿಗ್ಗೆ ಚುಕ್ಕಿಯಿಟ್ಟು ಗೆರೆಯೆಳೆಯುವ ಗೃಹಿಣಿಯ ರಂಗೋಲಿಯಂತೆ, ಕತ್ತಲೆಯೆಂಬ ನೆಲದ ಮೇಲೆ ಕಟ್ಟಡದ ಆಕೃತಿಯನ್ನು ಚುಕ್ಕಿಗಳಿಂದಲೇ ಬರೆದಿದ್ದಾರೆ. ಎರಡನೆಯದಾಗಿ, ಆ ಚುಕ್ಕಿಗಳು ಸಾದಾ ಬಲ್ಬುಗಳು. ಗಾಜಿನ ಬುರುಡೆಯೊಳಗೆ ಟಂಗ್‌ಸ್ಟನ್ ತಂತಿ ಸುಮಾರು 2,500 ಡಿಗ್ರಿಯ ಶಾಖದಲ್ಲಿ ಕಾದು ಕೆಂಪುಹೊನ್ನಿನ ಬಣ್ಣವನ್ನು ಸೂಸುತ್ತದೆ. ಇದು ಕುಲುಮೆಯ ಬೆಳಕು, ಹಣತೆಯ ದಾಯಾದಿ. ದುರದೃಷ್ಟವೆಂದರೆ ಅದು ಕುಡಿಯುವ ವಿದ್ಯುತ್ತಿನ ನೂರು ಪಾಲಿನಲ್ಲಿ ಬೆಳಕಾಗುವುದು ಐದೇ ಪಾಲು; ಉಳಿದದ್ದೆಲ್ಲ ಶಾಖವಾಗಿ ವ್ಯರ್ಥ.

ಹಾಗಾದರೆ ಈ ಬಲ್ಬುಗಳನ್ನು ಕಿತ್ತು ಎಲ್‌ಇಡಿ ಹಾಕಬಾರದೇಕೆ ಎಂಬ ಪ್ರಶ್ನೆ ಸಹಜ. ಲೆಕ್ಕ ಹಾಕಿ ನೋಡೋಣ. ಬಲ್ಬೊಂದಕ್ಕೆ 15 ವಾಟ್ ಎಂದು ಹಿಡಿದರೆ ಲಕ್ಷ ಬಲ್ಬುಗಳಿಗೆ ಗಂಟೆಗೆ 1,500 ಯೂನಿಟ್. ವರ್ಷಕ್ಕೆ ನೂರು ಗಂಟೆ ಉರಿಯುವುದೆಂದೂ ಯೂನಿಟ್ಟಿಗೆ 8 ರೂಪಾಯಿ ಎಂದೂ ಇಟ್ಟುಕೊಂಡರೆ ಖರ್ಚು 12 ಲಕ್ಷ ರೂಪಾಯಿ. ಒಂದೂವರೆ ವಾಟಿನ ಎಲ್‌ಇಡಿ ಹಾಕಿದರೆ ಇದು 1 ಲಕ್ಷ 20 ಸಾವಿರಕ್ಕೆ ಇಳಿದೀತು. ಆದರೆ ದೀಪಕ್ಕೆ 50 ರೂಪಾಯಿಯಂತೆ ಲಕ್ಷ ದೀಪಗಳಿಗೆ 50 ಲಕ್ಷ ರೂಪಾಯಿಯನ್ನು ಮೊದಲೇ ತೆರಬೇಕು. ಆ ಹಣ ಹಿಂದಿರುಗಲು ನಾಲ್ಕೂವರೆ ವರ್ಷಕ್ಕೂ ಮೇಲೆ ಹಿಡಿಯುತ್ತದೆ.

ಇನ್ನು ಬೆಳ್ಳಂದೂರಿನ ವಸತಿಯ ಕಾಲುದಾರಿಯನ್ನು ತೆಗೆದುಕೊಳ್ಳಿ. ಐವತ್ತು ದೀಪಗಳು, ಪ್ರತಿರಾತ್ರಿ ಹನ್ನೆರಡು ಗಂಟೆ. ನಲವತ್ತು ವಾಟಿನ ಸಾದಾ ಬಲ್ಬಾದರೆ ವರ್ಷಕ್ಕೆ 8,760 ಯೂನಿಟ್. ಐದು ವಾಟಿನ ಎಲ್‌ಇಡಿಯಾದರೆ 1,095 ಯೂನಿಟ್. ಅದೇ ದರದಲ್ಲಿ ಉಳಿತಾಯ 61,320 ರೂಪಾಯಿ. ದೀಪವೊಂದಕ್ಕೆ 150 ರೂಪಾಯಿ ಕೊಟ್ಟರೂ ಹಾಕಿದ ಹಣ ಎರಡು ತಿಂಗಳೊಳಗೆ ಕೈಸೇರಿತು. ಇದಲ್ಲದೆ, ಸಾವಿರ ಗಂಟೆಯ ಆಯುಷ್ಯದ ಬಲ್ಬನ್ನು ವರ್ಷಕ್ಕೆ ನಾಲ್ಕಾರು ಸಲ ಬದಲಿಸಲು ಏಣಿ ಹಿಡಿದು ಹತ್ತುವವರು ಯಾರು?

ಅಂದಮೇಲೆ ದೀಪದ ಜಾತಿಯನ್ನು ಕೇಳುವ ಮೊದಲು ಅದು ಎಷ್ಟು ಹೊತ್ತು ಉರಿಯತಕ್ಕದ್ದು ಎಂಬುದನ್ನು ಕೇಳಬೇಕು. ಅರಮನೆಗೆ ಸಾದಾ ಬಲ್ಬು ಒಪ್ಪಿತು. ಕಾಲುದಾರಿಗೆ ಅದು ದುಂದು. ಆದರೂ ಅರಮನೆಗೊಂದು ಆತಂಕ ತಪ್ಪಿದ್ದಲ್ಲ. ಯೂರೋಪಿನ ದೇಶಗಳು 2009ರಿಂದ 2012ರೊಳಗೆ ಮನೆಬಳಕೆಯ ಸಾದಾ ಬಲ್ಬನ್ನು ಹಂತಹಂತವಾಗಿ ಕೈಬಿಟ್ಟವು. ಅಮೆರಿಕೆಯಲ್ಲಿ 2023ರಲ್ಲಿ ಬಹುಪಾಲು ಬಲ್ಬುಗಳ ಮಾರಾಟ ನಿಂತಿತು. 1936ರಲ್ಲಿ ಹುಟ್ಟಿ, ನಮ್ಮ ಮನೆಮನೆಗೆ ಬೆಳಕಿತ್ತ ಮಲ್ಲೇಶ್ವರದ ಮೈಸೂರು ಲ್ಯಾಂಪ್ ವರ್ಕ್ಸ್ ಕೂಡ ಬಾಗಿಲು ಮುಚ್ಚಿ ಬಹಳ ಕಾಲವಾಯಿತು. ಬಲ್ಬು ಸಿಗುವ ತನಕ ಅರಮನೆಯವರು ಅದನ್ನೇ ಉಳಿಸಿಕೊಳ್ಳುವುದು ಮೇಲೆಂಬುದು ಈ ಲೇಖಕನ ಅಭಿಪ್ರಾಯ. ಸಿಗದ ದಿನ ಬಂದರೆ, ಅಗ್ಗವೆಂದು ಯಾವುದೋ ಬಿಳಿಯ ದೀಪವನ್ನು ತಂದು ತಗುಲಿಸಿದಲ್ಲಿ ಆ ಉದ್ಗಾರ ಮತ್ತೆ ಕೇಳಿಬರುವುದು ಸಂಶಯ.

ಬಿಳಿಯಲ್ಲಿಯೂ ಬಣ್ಣಗಳುಂಟು

‘ಬಿಳಿಯ ದೀಪ’ ಎಂದು ಅಂಗಡಿಯಲ್ಲಿ ಕೇಳುವುದು ‘ಕೆಂಪು ಸೀರೆ’ ಎಂದು ಕೇಳಿದಷ್ಟೇ ಅಸ್ಪಷ್ಟ. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಮಾನದಿಂದ ಅಳೆಯುತ್ತಾರೆ. ಎಣ್ಣೆದೀಪದ್ದು ಸುಮಾರು 1,900. ಸಾದಾ ಬಲ್ಬಿನದು 2,700. ನೀಲಿಛಾಯೆಯ ಟ್ಯೂಬ್‌ಲೈಟಿನದು 6,500. ಸಂಖ್ಯೆ ಏರಿದಷ್ಟೂ ಬೆಳಕು ತಣ್ಣಗಾಗುತ್ತದೆ. ಪೆಟ್ಟಿಗೆಯ ಮೇಲೆ ‘ವಾರ್ಮ್ ವೈಟ್’ ಎಂದಷ್ಟೇ ಇದ್ದರೆ ಸಾಲದು, ಸಂಖ್ಯೆಯನ್ನೇ ನೋಡತಕ್ಕದ್ದು. ಪಡಸಾಲೆ, ಊಟದ ಕೋಣೆ, ದೇವರ ಮನೆಗಳಿಗೆ 2,700ನ್ನು ದಾಟಕೂಡದು. ಅಡಿಗೆಮನೆಯಲ್ಲಿ ಅಕ್ಕಿಯ ಕಲ್ಲು ಕಾಣಬೇಕಲ್ಲವೆ? ಅಲ್ಲಿ 4,000 ಇರಲಿ.

ಇನ್ನೊಂದು ಗುಣವುಂಟು, ಇದನ್ನು ಅಂಗಡಿಯವರು ತಾವಾಗಿ ಹೇಳುವುದು ವಿರಳ. ಟ್ಯೂಬ್‌ಲೈಟಿನ ಅಂಗಡಿಯಲ್ಲಿ ಸೀರೆ ಕೊಳ್ಳುವ ನಮ್ಮ ಹೆಂಗಸರು ಅದನ್ನು ಬಾಗಿಲ ಬಳಿ ಬಿಸಿಲಿಗೆ ಹಿಡಿದು ನೋಡದೆ ಒಪ್ಪುತ್ತಿರಲಿಲ್ಲ. ಅದು ಸಂಶಯಬುದ್ಧಿಯಲ್ಲ, ವಿಜ್ಞಾನ. ವಸ್ತುವಿನ ನಿಜವಣ್ಣವನ್ನು ದೀಪ ಎಷ್ಟರಮಟ್ಟಿಗೆ ತೋರುತ್ತದೆಂಬುದನ್ನು ಸಿಆರ್‌ಐ ಎಂಬ ಅಂಕ ಹೇಳುತ್ತದೆ. ಸಾದಾ ಬಲ್ಬಿಗೆ ನೂರಕ್ಕೆ ನೂರು. ಬಿಳಿಯ ಎಲ್‌ಇಡಿ ಮೂಲತಃ ನೀಲಿಯ ದೀಪ. ಅದರ ಮೇಲಿನ ಹಳದಿಯ ಲೇಪ ನೀಲಿಯೊಡನೆ ಕಲೆತು ಬಿಳಿಯಾಗುತ್ತದೆ. ಈ ನೀಲಿ ಎಲ್‌ಇಡಿಯನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರಾ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಅಗ್ಗದ ಎಲ್‌ಇಡಿಯಲ್ಲಿ ಕೆಂಪಿನ ಅಂಶ ಕೊರತೆಯಾಗಿ, ಕುಂಕುಮವರ್ಣದ ಮೈಸೂರು ರೇಷ್ಮೆಯೂ ತೇಗದ ಬಾಗಿಲೂ ಮುಖದ ಕಳೆಯೂ ಕಂದಿ ಕಾಣುತ್ತವೆ. ಮದುವೆ ಮುಂಜಿಗಳು ನಡೆಯುವ ಸಭಾಭವನಕ್ಕೆ 90ಕ್ಕಿಂತ ಕಡಿಮೆ ಅಂಕದ ದೀಪ ಬೇಡವೇ ಬೇಡ.

ವಿಧಾನಸೌಧದ ಬಗೆ ಬೇರೆ. 1956ರಲ್ಲಿ ಮುಗಿದ ಆ ಭವ್ಯ ಸೌಧಕ್ಕೆ 2025ರಲ್ಲಿ ಬಣ್ಣಬಣ್ಣದ ಎಲ್‌ಇಡಿ ದೀಪಗಳ ಶಾಶ್ವತ ಏರ್ಪಾಡಾಯಿತು. ಇಲ್ಲಿ ಬೆಳಗುವುದು ಗೆರೆಯಲ್ಲ, ಮೈ. ಕಲ್ಲಿನ ಬುಡದಲ್ಲಿ ದೀಪವಿಟ್ಟು ಬೆಳಕನ್ನು ಮೇಲಕ್ಕೆ ಸವರಿದರೆ ಕೆತ್ತನೆಯ ಉಬ್ಬುತಗ್ಗುಗಳು ನೆರಳಿನೊಡನೆ ಮೈದಳೆಯುತ್ತವೆ. ರಾಷ್ಟ್ರೀಯ ಹಬ್ಬದಂದು ಅಲ್ಲಿ ತ್ರಿವರ್ಣ ಮೂಡುವುದು ಶೋಭೆಯೇ ಸರಿ. ಆದರೆ ಮನೆಯ ಗೋಡೆ ದಿನವೂ ಹಸಿರಿನಿಂದ ನೇರಳೆಗೆ, ನೇರಳೆಯಿಂದ ಗುಲಾಬಿಗೆ ಹೊರಳುತ್ತಿದ್ದರೆ ಅತಿಥಿಗಳಿಗೆ ತಾವು ಬಂದದ್ದು ಮನೆಗೋ ನಾಟಕದ ಕಂಪನಿಗೋ ಎಂಬ ಭ್ರಾಂತಿಯಾದೀತು. ಬಣ್ಣ ಬೇಕೇ ಬೇಕೆನ್ನುವವರು ಕೆಂಪು, ಹಸಿರು, ನೀಲಿಗಳ ಜೊತೆಗೆ ಪ್ರತ್ಯೇಕ ಬಿಳಿಯ ದೀಪವೂ ಸೇರಿರುವ ಬಗೆಯನ್ನು ಕೊಳ್ಳಲಿ. ಮೂರು ಬಣ್ಣಗಳನ್ನು ಬೆರೆಸಿ ಪಡೆದ ಬಿಳಿ ಹೆಸರಿಗಷ್ಟೇ ಬಿಳಿ.

ಸೀರಿಯಲ್ ಸೆಟ್ಟಿನಿಂದ ಸ್ಟ್ರಿಪ್ಪಿನವರೆಗೆ

ಮೆರವಣಿಗೆಯಲ್ಲಿ ತಲೆಯ ಮೇಲೆ ಗ್ಯಾಸ್‌ಲೈಟು ಹೊತ್ತು ನಡೆಯುತ್ತಿದ್ದ ಕಾಲ ಸರಿದ ಮೇಲೆ ಚಪ್ಪರಗಳನ್ನು ಆಳಿದ್ದು ಸೀರಿಯಲ್ ಸೆಟ್ಟು. ಆರು ವೋಲ್ಟಿನ ನಲವತ್ತು ಪುಟ್ಟ ಬಲ್ಬುಗಳನ್ನು ಒಂದರ ಬಾಲಕ್ಕೊಂದು ಕಟ್ಟಿದರೆ ಮನೆಯ 230 ವೋಲ್ಟನ್ನು ಎಲ್ಲವೂ ಹಂಚಿಕೊಳ್ಳುತ್ತವೆ. ಅದರಲ್ಲಿ ಒಂದು ಸತ್ತರೆ ಇಡಿಯ ಸಾಲಿಗೇ ಸೂತಕ! ಗಣೇಶನ ಹಬ್ಬದ ಸಂಜೆ ಒಂದೊಂದೇ ಬಲ್ಬನ್ನು ಕಿತ್ತು ಪರೀಕ್ಷಿಸುತ್ತ ಕುಳಿತ ಹುಡುಗರು ಯಾವ ಬೀದಿಯಲ್ಲಿರಲಿಲ್ಲ?

ಆ ಸ್ಥಾನಕ್ಕೆ ಈಗ ಸ್ಟ್ರಿಪ್ ಲೈಟು ಬಂದಿದೆ. ಫಾಲ್ಸ್ ಸೀಲಿಂಗಿನ ಅಂಚಿನಲ್ಲಿ ಅವಿತು ಚಾವಣಿಯನ್ನು ಬೆಳಗುವ ಪಟ್ಟಿ ಇದೇ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಅಂಗಡಿಗಳಲ್ಲಿ ಐದು ಮೀಟರಿನ ಸುರುಳಿಗಳು ರಾಶಿರಾಶಿಯಾಗಿ ದೊರೆಯುತ್ತವೆ. ಕೊಳ್ಳುವವರು ಒಂದು ಸೂಕ್ಷ್ಮವನ್ನು ತಿಳಿದಿರಬೇಕು. ಎಪ್ಪತ್ತು ವಾಟಿನ ಸುರುಳಿಗೆ 230 ವೋಲ್ಟಿನಲ್ಲಿ ಆಂಪಿಯರಿನ ಮೂರನೆಯ ಒಂದು ಪಾಲಿನಷ್ಟೂ ಬೇಡ. 12 ವೋಲ್ಟಿನಲ್ಲಿ ಹೆಚ್ಚುಕಡಮೆ ಆರು ಆಂಪಿಯರ್ ಬೇಕು. ಕಾಗದದಷ್ಟು ತೆಳ್ಳಗಿನ ತಾಮ್ರದಲ್ಲಿ ಇಷ್ಟು ಹರಿಯುವಾಗ ವೋಲ್ಟೇಜು ಕುಸಿದು, ಪಟ್ಟಿಯ ಆರಂಭ ಪ್ರಜ್ವಲವಾಗಿಯೂ ತುದಿ ಮಂಕಾಗಿಯೂ ಉಳಿಯುತ್ತದೆ. ಉದ್ದದ ಪಟ್ಟಿಗೆ 24 ವೋಲ್ಟಿನದನ್ನು ಆರಿಸಬೇಕು, ಅಥವಾ ಎರಡು ತುದಿಯಿಂದಲೂ ವಿದ್ಯುತ್ತು ಕೊಡಿಸಬೇಕು. ಪಟ್ಟಿಯನ್ನು ಬರಿಯ ಜಿಪ್ಸಮ್ಮಿನ ಮೇಲೆ ಅಂಟಿಸದೆ ಅಲ್ಯೂಮಿನಿಯಂ ಪಟ್ಟಿಯೊಳಗೆ ಕೂರಿಸಿದರೆ ಶಾಖ ಹೊರಹೋಗುತ್ತದೆ.

ಎಲ್‌ಇಡಿಗೆ 50,000 ಗಂಟೆಯ ಆಯುಷ್ಯವೆಂದು ಬರೆದಿರುವುದು ಸುಳ್ಳಲ್ಲ. ಆದರೆ ಅದಕ್ಕೆ ವಿದ್ಯುತ್ತನ್ನು ಹದಗೊಳಿಸಿ ಕೊಡುವ ಡ್ರೈವರ್ ಎಂಬ ಪೆಟ್ಟಿಗೆ ಅಷ್ಟು ಕಾಲ ಬಾಳುವುದು ಅಪರೂಪ. ಅದರೊಳಗಿನ ಕೆಪ್ಯಾಸಿಟರಿನ ಆಯುಷ್ಯ ಶಾಖ ಹತ್ತು ಡಿಗ್ರಿ ಏರಿದಂತೆಲ್ಲ ಅರ್ಧಕ್ಕಿಳಿಯುತ್ತದೆ. ಅಂತಹುದನ್ನು ಗಾಳಿಯಾಡದ ಚಾವಣಿಯೊಳಗೆ ಹೂತು, ಮೇಲೆ ಪ್ಲಾಸ್ಟರು ಮಾಡಿ, ಬಣ್ಣ ಬಳಿದು ಹೋಗುವ ಕಂಟ್ರಾಕ್ಟರುಗಳಿದ್ದಾರೆ! ಕೈತೂರಲು ಒಂದು ಕಿಂಡಿಯನ್ನು ಬಿಡಿಸದೆ ಅವರಿಗೆ ಕೊನೆಯ ಕಂತನ್ನು ಕೊಡಬೇಡಿ.

ಕೆರೆಯ ನೆರೆಯವರಿಗೆ

ಬೆಳ್ಳಂದೂರಿನವರಿಗೆ ಇನ್ನೆರಡು ಮಾತು ಹೆಚ್ಚಾಗಿ ಹೇಳಬೇಕಾಗಿದೆ. ಸುಮಾರು 900 ಎಕರೆಯ ಆ ಕೆರೆ 2015ರಲ್ಲಿ ನೊರೆಯುಕ್ಕಿಸಿ ಬೆಂಕಿ ಹೊತ್ತಿಕೊಂಡದ್ದನ್ನೂ 2018ರ ಜನವರಿಯಲ್ಲಿ ಮತ್ತೆ ಉರಿದದ್ದನ್ನೂ ಲೋಕವೆಲ್ಲ ಕಂಡಿತು. ಕೊಳಚೆ ಕೊಳೆತಲ್ಲಿ ಹೈಡ್ರೊಜನ್ ಸಲ್ಫೈಡ್ ಎಂಬ ದುರ್ವಾಸನೆಯ ಅನಿಲ ಏಳುತ್ತದೆ. ಅದು ತಾಮ್ರವನ್ನೂ ಬೆಳ್ಳಿಯನ್ನೂ ಕಪ್ಪಾಗಿಸುತ್ತದೆ. ದೇವರ ಮನೆಯ ಬೆಳ್ಳಿಯ ದೀಪಗಳು ತಿಂಗಳೊಳಗೆ ಕಪ್ಪೇರುವ ಮನೆಯ ಗೃಹಿಣಿ ಇದನ್ನು ಯಾರಿಂದಲೂ ಕಲಿಯಬೇಕಾಗಿಲ್ಲ. ಹಲವು ಎಲ್‌ಇಡಿಗಳೊಳಗೆ ಬೆಳಕನ್ನು ಪ್ರತಿಫಲಿಸಲು ಬೆಳ್ಳಿಯ ಲೇಪವೇ ಇರುತ್ತದೆ. ಅನಿಲ ಒಳಸೇರಿ ಅದು ಕಪ್ಪಾದರೆ ದೀಪ ಸುಟ್ಟುಹೋಗದೆಯೇ ದಿನದಿನಕ್ಕೆ ಮಂಕಾಗುತ್ತದೆ. ಕೆರೆಯತ್ತ ಮುಖಮಾಡಿದ ಬಾಲ್ಕನಿಗೂ ಹೊರಗೋಡೆಗೂ ಬರಿಮೈಯ ಸ್ಟ್ರಿಪ್ಪನ್ನು ಹಾಕಲೇಕೂಡದು. ಗಾಜಿನ ಮುಚ್ಚಳವೂ ಬಿಗಿಯಾದ ಬಂಧವೂ ಇದ್ದು, ಗಂಧಕವನ್ನು ತಡೆಯುತ್ತದೆಂದು ತಯಾರಕರು ಲಿಖಿತವಾಗಿ ಹೇಳುವ ದೀಪವನ್ನು ಹುಡುಕಬೇಕು. ಪೆಟ್ಟಿಗೆಯ ಮೇಲಿನ ಐಪಿ 65 ಎಂಬ ಗುರುತು ಧೂಳನ್ನೂ ನೀರಿನ ಎರಚಲನ್ನೂ ಕುರಿತದ್ದು. ಅನಿಲದ ವಿಷಯವನ್ನು ಅದು ಹೇಳುವುದಿಲ್ಲ.

ಎರಡನೆಯದು ಮನುಷ್ಯೇತರ ನೆರೆಹೊರೆಯವರದು. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆಯ ಹುಳುಗಳು ದೀಪಕ್ಕೆ ಮುತ್ತುವುದನ್ನು ಯಾರು ಕಂಡಿಲ್ಲ? ನೀಲಿಯಂಶ ಹೆಚ್ಚಿರುವ ಬೆಳಕಿಗೆ ಅವು ಹೆಚ್ಚು ಬರುತ್ತವೆ, ಹಳದಿಯ ಬೆಳಕಿಗೆ ಕಡಿಮೆ. ಮರದ ಬುಡದಿಂದ ಮೇಲ್ಮುಖವಾಗಿ ಹಸಿರು ದೀಪವನ್ನು ಬಿಡುವುದು ಈಚಿನ ಶೋಕಿ. ಅಲ್ಲಿ ತಂಗುವ ಹಕ್ಕಿಗಳಿಗೆ ರಾತ್ರಿಯೇ ಇಲ್ಲದಂತಾಗುತ್ತದೆ. ಎದುರಿನ ಮಹಡಿಯಲ್ಲಿ ಹಸುಗೂಸನ್ನು ಮಲಗಿಸುವ ತಾಯಿಗೂ ಅಷ್ಟೆ. ಕೆಳಮುಖವಾದ, 2,700 ಕೆಲ್ವಿನ್ನಿನ ಗಿಡ್ಡ ಕಂಬದ ದೀಪಗಳನ್ನು ಹಾಕಿ, ಅಲಂಕಾರದ ದೀಪಗಳು ರಾತ್ರಿ ಹತ್ತಕ್ಕೆ ತಾವಾಗಿ ನಿಲ್ಲುವಂತೆ ಟೈಮರ್ ಇಡಿಸಿದರೆ ಎಲ್ಲರಿಗೂ ನೆಮ್ಮದಿ.

ಕೊಳ್ಳುವ ಮುನ್ನ ಮೂರು ನಾಲ್ಕು ಮಾದರಿಗಳನ್ನು ಒಂದೊಂದೇ ತಂದು, ಹಾಕಬೇಕಾದ ಜಾಗದಲ್ಲಿಯೇ, ಕತ್ತಲಾದ ಮೇಲೆ ಹೊತ್ತಿಸಿ ನೋಡಿ. ಬಳಿಯಲ್ಲೊಂದು ಕೆಂಪು ರೇಷ್ಮೆಯನ್ನು ಹಿಡಿಯಿರಿ. ಮೊಬೈಲಿನ ಕ್ಯಾಮರಾದಲ್ಲಿ ದೀಪವನ್ನು ನೋಡಿದಾಗ ಕಪ್ಪು ಪಟ್ಟಿಗಳು ಹರಿದಾಡಿದರೆ, ಅದು ಕಣ್ಣಿಗೆ ಕಾಣದಂತೆ ಮಿಡಿಯುತ್ತಿದೆಯೆಂದು ತಿಳಿದು ಹಿಂದಿರುಗಿಸಿಬಿಡಿ. ಅಂತಹ ಬೆಳಕಿನಲ್ಲಿ ಓದುವವರಿಗೆ ತಲೆನೋವು ಬರಬಹುದು. ಬೆಳಕನ್ನು ತಗ್ಗಿಸುವ ಡಿಮ್ಮರ್ ಇರುವಲ್ಲಿ ತಗ್ಗಿಸಿಯೇ ಪರೀಕ್ಷಿಸಿ. ಸಾದಾ ಬಲ್ಬು ತಗ್ಗಿದಂತೆ ಕೆಂಪೇರುತ್ತದೆ, ಬಹುಪಾಲು ಎಲ್‌ಇಡಿಗಳು ಬಣ್ಣ ಬದಲಿಸದೆ ಬರಿದೇ ಬೂದಿಯಾಗುತ್ತವೆ. ಒಪ್ಪಿಗೆಯಾದ ಮೇಲೆ ಬೇಕಾದದ್ದಕ್ಕಿಂತ ಹತ್ತಕ್ಕೊಂದರಂತೆ ಹೆಚ್ಚಾಗಿ, ಒಂದೇ ತಯಾರಿಕೆಯ ತಂಡದಿಂದ ಕೊಂಡು, ಉಳಿದವುಗಳನ್ನು ಸಂಘದ ಕಪಾಟಿನಲ್ಲಿ ಇಟ್ಟಿರಿ. ಎರಡು ವರ್ಷ ಕಳೆದು ಬೇರೆ ತಂಡದ ದೀಪವನ್ನು ತಂದರೆ ಸಾಲಿನ ನಡುವೆ ಅದೊಂದೇ ಬಿಳಿಚಿಕೊಂಡು ನಿಲ್ಲುತ್ತದೆ.