ತುದಿಯಿಲ್ಲದ ಪುಟ

ಭಗವಾನ್ ಆದಿನಾಥರು ಪ್ರಜೆಗಳ ಜೀವನೋಪಾಯಕ್ಕಾಗಿ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಬೋಧಿಸಿದರೆಂದು ಪುರಾಣಗಳು ಸಾರುತ್ತವೆ. ಇಂದು ನಮ್ಮ ಅನೇಕ ಶ್ರಾವಕ ಕುಟುಂಬಗಳ ಮಕ್ಕಳು ಕೈಗೊಂಡಿರುವ ಸಾಫ್ಟ್‌ವೇರ್ ವೃತ್ತಿಯನ್ನು ಇವುಗಳಲ್ಲಿ ಯಾವುದಕ್ಕೆ ಸೇರಿಸೋಣ? ಬರೆಯುವ ಕೆಲಸವಾದ್ದರಿಂದ ಮಸಿ ಎನ್ನುವವರುಂಟು. ನನಗೆ ಅದು ಶಿಲ್ಪವೆಂದೇ ತೋರುತ್ತದೆ. ಹಾಗಾದರೆ, ತನ್ನ ಕೈಬಿಟ್ಟುಹೋದ ವಸ್ತುವಿನಿಂದ ಆಗುವ ಕೇಡಿಗೆ ಶಿಲ್ಪಿ ಎಷ್ಟು ಹೊಣೆ?

ಅಮೆರಿಕದ ತಂತ್ರಜ್ಞ ಏಜಾ ರಾಸ್ಕಿನ್ ಅವರಿಗೆ ಈ ಪ್ರಶ್ನೆ ನಿಜವಾಗಿಯೇ ಎದುರಾಯಿತು. ಮೊದಲೆಲ್ಲ ಅಂತರ್ಜಾಲದಲ್ಲಿ ಒಂದು ಪುಟ ಮುಗಿದರೆ ಮುಂದಿನದಕ್ಕಾಗಿ ಗುಂಡಿಯೊತ್ತಬೇಕಿತ್ತು. 2006ರಲ್ಲಿ ಅವರು ಆ ತೊಡಕನ್ನು ನೀಗಿಸಿ, ಸರಿಸಿದಷ್ಟೂ ತಾನಾಗಿ ಬೆಳೆಯುವ ಪುಟವನ್ನು ರೂಪಿಸಿದರು. ಓದುಗರಿಗೆ ಅನುಕೂಲವಾಗಲೆಂಬುದೇ ಉದ್ದೇಶವಾಗಿತ್ತು. ಆದರೆ ಪುಟ ಮುಗಿಯುವ ಆ ಕ್ಷಣವು ಬರಿಯ ತೊಡಕಾಗಿರಲಿಲ್ಲ, ‘ಇನ್ನು ಸಾಕಲ್ಲವೇ?’ ಎಂದು ಮನಸ್ಸು ತನ್ನನ್ನು ತಾನೇ ಕೇಳಿಕೊಳ್ಳುವ ಎಡೆಯಾಗಿತ್ತು. ಆ ಎಡೆ ಅಳಿಯಿತು. ಜನರನ್ನು ಹಿಡಿದಿಡಲು ಸಾಮಾಜಿಕ ಜಾಲತಾಣಗಳಿಗೆ ಅದೇ ಸಾಧನವಾಯಿತು. 2018ರಲ್ಲಿ ರಾಸ್ಕಿನ್ ತಮ್ಮ ಪಶ್ಚಾತ್ತಾಪವನ್ನು ಬಿಬಿಸಿಯ ಮುಂದೆ ಬಹಿರಂಗವಾಗಿ ಹೇಳಿಕೊಂಡರು.

ಶ್ರಾವಕನ ಗುಣವ್ರತಗಳು ಕಾಯುವುದು ಈ ಎಡೆಯನ್ನೇ. ದಿಗ್ವ್ರತವು ಸಂಚಾರಕ್ಕೆ ಮೇರೆಯನ್ನೂ, ಭೋಗೋಪಭೋಗ ಪರಿಮಾಣವು ಭೋಗಕ್ಕೆ ಅಳತೆಯನ್ನೂ ಹಾಕುತ್ತವೆ. ಅನರ್ಥದಂಡವಿರತಿಯು ನಿಷ್ಪ್ರಯೋಜಕ ಪಾಪವನ್ನು ತಡೆಯುತ್ತದೆ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಪ್ರಮಾದಚರ್ಯೆಯೂ ಒಂದು. ನೆಲವನ್ನು ಸುಮ್ಮನೆ ಅಗೆಯುವುದು, ಗಿಡವನ್ನು ನಿಷ್ಕಾರಣವಾಗಿ ಕಡಿಯುವುದು ಮೊದಲಾದವುಗಳೊಡನೆ ಅವರು ಇನ್ನೆರಡನ್ನು ಸೇರಿಸುತ್ತಾರೆ: ವ್ಯರ್ಥವಾಗಿ ತಾನು ಅಲೆಯುವುದು, ಇತರರನ್ನು ಅಲೆಸುವುದು. ಬೆರಳಿನಿಂದ ಅಲೆಯುವವನಿಗಷ್ಟೇ ಅಲ್ಲ, ಅಲೆಸುವ ಯಂತ್ರವನ್ನು ಕಟ್ಟಿದವನಿಗೂ ಆಚಾರ್ಯರು ಆಗಲೇ ಹೆಸರಿಟ್ಟಂತಿದೆ!

ಕಂಪನಿಯಲ್ಲಿ ಒಬ್ಬ ಬರೆಯುತ್ತಾನೆ, ಒಬ್ಬ ಬರೆಸುತ್ತಾನೆ, ಸಭೆಯಲ್ಲಿ ಕುಳಿತ ಮತ್ತೊಬ್ಬ ಸಮ್ಮತಿಸುತ್ತಾನೆ. ‘ಹೇಳಿದ್ದನ್ನು ಮಾಡಿದೆ’ ಎಂದು ಮೊದಲನೆಯವನು, ‘ನಾನೇನೂ ಮಾಡಲಿಲ್ಲ’ ಎಂದು ಕೊನೆಯವನು ಜಾರಿಕೊಳ್ಳುವುದು ಲೋಕರೂಢಿ. ತತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಇದಕ್ಕೆ ಅವಕಾಶವಿಲ್ಲ. ಅಲ್ಲಿ ಕೃತ, ಕಾರಿತ, ಅನುಮತ ಮೂರೂ ಆಸ್ರವಕ್ಕೆ ಬಾಗಿಲುಗಳೇ. ಸಂರಂಭ, ಸಮಾರಂಭ, ಆರಂಭಗಳೆಂಬ ಮೂರು, ಮನ-ವಚನ-ಕಾಯಗಳೆಂಬ ಮೂರು, ನಾಲ್ಕು ಕಷಾಯಗಳು ಇವುಗಳೊಡನೆ ಗುಣಿಸಿದರೆ 108 ಭೇದಗಳಾಗುತ್ತವೆ. ಜಪಮಾಲೆಯ ಮಣಿಗಳನ್ನು ಇವಕ್ಕೆ ಹೊಂದಿಸಿ ಹೇಳುವ ರೂಢಿಯೂ ಉಂಟು.

ಅದೇ ಅಧ್ಯಾಯವು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೂ ಇಲ್ಲ. ಭಾವವು ತೀವ್ರವೋ ಮಂದವೋ, ತಿಳಿದು ಮಾಡಿದ್ದೋ ತಿಳಿಯದೆ ಮಾಡಿದ್ದೋ ಎಂಬುದರ ಮೇಲೆ ಆಸ್ರವದಲ್ಲಿ ಅಂತರವಿದೆ. 2006ರಲ್ಲಿ ರಾಸ್ಕಿನ್ ಅವರದು ಅಜ್ಞಾತಭಾವವೆನ್ನಬಹುದು. ಅವರು ಬಾಯಿಬಿಟ್ಟು ಹೇಳಿದ ಮೇಲೂ ಅದೇ ಪುಟವನ್ನು ಕಟ್ಟಿ, ಜನರು ಎಷ್ಟು ಹೊತ್ತು ಅದರಲ್ಲಿ ಸಿಲುಕಿದರೆಂದು ದಿನವೂ ಲೆಕ್ಕ ನೋಡುವವರದು ಯಾವ ಭಾವ?