ಬೀದಿ ಬರಿದಾಗಿ ಹೊಲ ತುಂಬುವ ದಿನ: ಕಲ್ಯಾಣ ಸೀಮೆಯ ಎಳ್ಳ ಅಮಾವಾಸ್ಯೆ

ಮಾರ್ಗಶಿರ ಮಾಸದ ಕೊನೆಯ ದಿನವಾದ ಎಳ್ಳ ಅಮಾವಾಸ್ಯೆಯಂದು ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಪೇಟೆಗಳು ಮಧ್ಯಾಹ್ನದ ಹೊತ್ತಿಗೆ ಬಿಕೋ ಎನ್ನುತ್ತಿದ್ದು, ಬುತ್ತಿಗಂಟು ಹೊತ್ತ ಊರೆಲ್ಲ ಸುತ್ತಲಿನ ಹೊಲಗಳಲ್ಲಿ ನೆರೆದಿರುತ್ತದೆ. ಇದಕ್ಕೆ ಹದಿನೈದು ದಿನ ಮೊದಲು, ದತ್ತ ಜಯಂತಿಯ ಹುಣ್ಣಿಮೆಗೆ, ಲಾಡವಂತಿಯಲ್ಲಿ 1817ರಲ್ಲಿ ಜನಿಸಿದ ಸಂತ ಮಾಣಿಕಪ್ರಭುಗಳ ಉತ್ಸವವೂ ಸಂಗೀತದ ದರ್ಬಾರೂ ಹುಮನಾಬಾದ್ ಬಳಿಯ ಮಾಣಿಕನಗರದಲ್ಲಿ ನಡೆದಿರುತ್ತವೆ. ಅಲ್ಲಿ ಜನರು ಭಕ್ತರೂ ಕೇಳುಗರೂ ಆಗಿ ಸೇರಿದರೆ, ಅಮಾವಾಸ್ಯೆಯಂದು ಹೊಲವುಳ್ಳ ಪ್ರತಿ ಮನೆಯೂ ಹೊಲವಿಲ್ಲದವರನ್ನು ಜಾತಿಮತ ನೋಡದೆ ಊಟಕ್ಕೆ ಕರೆಯುತ್ತದೆ.

ಜೋಳದ ದಂಟಿನಿಂದ ಕಟ್ಟಿದ ಕೊಂಪೆಯೊಳಗೆ ಪಾಂಡವರೆಂದು ಐದು ಕಲ್ಲುಗಳನ್ನಿಟ್ಟು ಪೂಜಿಸಿದ ಬಳಿಕ, ಅಡುಗೆಯ ಒಂದು ಪಾಲನ್ನು ಕೂಗು ಹಾಕುತ್ತ ಪೈರಿನ ನಡುವೆ ಎರಚಲಾಗುತ್ತದೆ. ಇದೇ ಚರಗ, ತೆನೆಗಟ್ಟುವ ಭೂಮಿಯನ್ನು ಬಸುರಿಯೆಂದು ಭಾವಿಸಿ ಅವಳ ಬಯಕೆ ತೀರಿಸುವ ಆಚರಣೆ.

ಹಬ್ಬದ ನಿಜವಾದ ಅಚ್ಚರಿ ಭಜ್ಜಿ. ಇದು ಎಣ್ಣೆಯಲ್ಲಿ ಕರಿದ ತಿಂಡಿಯಾಗಿರದೆ, ಹಸಿ ತೊಗರಿ, ಕಡಲೆ, ಅವರೆ, ಬಟಾಣಿ ಕಾಳುಗಳನ್ನು ಮೆಂತ್ಯ, ಬದನೆ, ಗಜ್ಜರಿಗಳೊಡನೆ ಬೇಯಿಸಿ, ಹುಣಸೆಹುಳಿ ಬೆರೆಸಿ, ಕಡಲೆಹಿಟ್ಟಿನಿಂದ ಗಟ್ಟಿಗೊಳಿಸಿದ ಪಲ್ಯ. ಸಜ್ಜೆ ರೊಟ್ಟಿ ಇದರ ಜೊತೆಗಾರ. ಜೋಳದ ಹಿಟ್ಟು, ಮಜ್ಜಿಗೆ, ಬೆಳ್ಳುಳ್ಳಿ, ಜೀರಿಗೆ ಸೇರಿದ ತಣ್ಣನೆಯ ಅಂಬಲಿ ಊಟದ ಮುಕ್ತಾಯ. ಆ ಹಂಗಾಮಿನಲ್ಲಿ ಹೊಲ, ತೋಟ ಕೊಡುವ ಹಸಿರೆಲ್ಲ ಒಂದೇ ಪಾತ್ರೆಗೆ ಇಳಿಯುವುದರಿಂದ, ಈ ಸೀಮೆಯ ಬೇಸಾಯವನ್ನು ಅರಿಯಲು ಇದಕ್ಕಿಂತ ರುಚಿಯಾದ ದಾಖಲೆ ಬೇರೊಂದಿಲ್ಲ. ಊಟದ ನಂತರ ಮಕ್ಕಳಿಗೆ ಮರದ ಜೋಕಾಲಿ, ಹಿರಿಯರಿಗೆ ನೆರಳಿನ ಮಾತುಕತೆ.

1956ರವರೆಗೆ ಬೀದರ್ ಜಿಲ್ಲೆಗೇ ಸೇರಿದ್ದ ಉದಗೀರ, ನಿಲಂಗಾಗಳನ್ನೊಳಗೊಂಡ ಇಂದಿನ ಲಾತೂರ್ ಸೀಮೆಯ ಮರಾಠಿ ರೈತರೂ ಇದೇ ಅಮಾವಾಸ್ಯೆಗೆ ಇದೇ ಭಜ್ಜಿ, ಅಂಬಲಿಗಳೊಡನೆ ಹೊಲಕ್ಕೆ ನಡೆಯುತ್ತಾರೆ; ರಾಜ್ಯದ ಗಡಿ ಬದಲಾದರೂ ಹಬ್ಬ ಕದಲಲಿಲ್ಲ. ದೂರದ ಅರ್ಮೇನಿಯದಲ್ಲಿ ಆಗಸ್ಟ್ ನಡುವಿನ ಭಾನುವಾರ ಚರ್ಚಿನಲ್ಲಿ ಹೊಸ ದ್ರಾಕ್ಷಿಯನ್ನು ಹರಸಿ ಹಂಚುವ ಸಂಪ್ರದಾಯವಿದ್ದು, ಅಲ್ಲಿ ಫಲವು ದೇವರ ಮನೆಗೆ ಹೋದರೆ ಇಲ್ಲಿ ಮನೆಯ ಅಡುಗೆಯೇ ಫಲದ ಬಳಿಗೆ ಬರುತ್ತದೆ.

ವೇದಿಕೆ, ಟಿಕೆಟ್, ಧ್ವನಿವರ್ಧಕಗಳಿಲ್ಲದ ಈ ರಜಾದಿನಕ್ಕೆ ಬೇಕಾದದ್ದು ಹಲವು ಬೆಳೆಗಳ ಹೊಲ. ಸೋಯಾ ಅವರೆಯೊಂದೇ ನೆಲವನ್ನೆಲ್ಲ ಆವರಿಸಿದರೆ ಭಜ್ಜಿಯ ಕಾಳುಗಳನ್ನು ಸಂತೆಯಲ್ಲಿ ಕೊಳ್ಳಬೇಕಾಗುತ್ತದೆ. ಆದ್ದರಿಂದ ಕಲ್ಯಾಣ ಸೀಮೆಯ ರೈತರು ತಮ್ಮ ಹೊಲದ ಒಂದು ಮೂಲೆಯನ್ನಾದರೂ ಅಕ್ಕಡಿ ಸಾಲುಗಳಿಗೆ, ಅಂದರೆ ಮುಖ್ಯ ಬೆಳೆಯ ನಡುವಿನ ಮಿಶ್ರ ಬೆಳೆಗಳಿಗೆ, ಮೀಸಲಿಡಬೇಕು.